ಸುದ್ದಿ ಬರವಣಿಗೆ, ವರದಿಗಾರಿಕೆ: ಮೈಸೂರು–ಮಂಡ್ಯದ ಪತ್ರಿಕೋದ್ಯಮ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಪತ್ರಿಕೋದ್ಯಮದ ಪಾಠ 1951ರಲ್ಲೇ ಮಹಾರಾಜ ಕಾಲೇಜಿನಲ್ಲಿ ಶುರುವಾಯಿತು. ಈಗ ಮಾನಸಗಂಗೋತ್ರಿಯ ಸ್ನಾತಕೋತ್ತರ ವಿಭಾಗದಿಂದ ಎರಡೂ ಜಿಲ್ಲೆಗಳ ಪದವಿ ಕಾಲೇಜುಗಳವರೆಗೆ ಇದನ್ನು ಓದುವವರಿದ್ದಾರೆ. ಮೊದಲ ಎರಡು ಸೆಮಿಸ್ಟರ್‌ಗಳಲ್ಲಿ ಅವರಿಗೆ ಎದುರಾಗುವ ಗೊಂದಲಗಳಿಗೆ ಇಲ್ಲಿ ಉತ್ತರವಿದೆ. ಸಿದ್ಧಾಂತ ನಿಮ್ಮ ಪಠ್ಯದಲ್ಲಿ ಸಿಗುತ್ತದೆ. ಇಲ್ಲಿರುವುದು ಕೆಲಸಕ್ಕೆ ಕುಳಿತಾಗ ಬೇಕಾಗುವ ವಿವರ.

ಮೊದಲು ಕಲಿಯಬೇಕಾದದ್ದು ಬರವಣಿಗೆಯನ್ನೋ, ವರದಿಗಾರಿಕೆಯನ್ನೋ?

ವರದಿಗಾರಿಕೆಯನ್ನು. ವಿದ್ಯಾರ್ಥಿಗಳ ಬರವಣಿಗೆ ಸೊರಗಿ ಕಾಣುವುದು ಹೆಚ್ಚಾಗಿ ಭಾಷೆಯ ಕೊರತೆಯಿಂದಲ್ಲ, ಮಾಹಿತಿಯ ಕೊರತೆಯಿಂದ. ‘ಬಡಾವಣೆಯಲ್ಲಿ ಕುಡಿಯುವ ನೀರಿಗೆ ಹಾಹಾಕಾರ’ ಎಂದು ಬರೆಯುವವರ ಟಿಪ್ಪಣಿ ಪುಸ್ತಕ ತೆರೆದು ನೋಡಿದರೆ ಅಲ್ಲಿ ಇಬ್ಬರು ನಿವಾಸಿಗಳ ಬೇಸರದ ಮಾತು ಬಿಟ್ಟರೆ ಏನೂ ಇರುವುದಿಲ್ಲ. ಖಾಲಿ ಜಾಗ ತುಂಬಲು ‘ಹಾಹಾಕಾರ’ ಬರುತ್ತದೆ.

ಅದೇ ಬಡಾವಣೆಗೆ ಹೋದಾಗ ಇಷ್ಟನ್ನು ತಿಳಿದುಕೊಂಡು ಬನ್ನಿ: ಕೊನೆಯ ಸಲ ನಲ್ಲಿಯಲ್ಲಿ ನೀರು ಬಂದ ದಿನಾಂಕ, ಎಷ್ಟು ಹೊತ್ತು ಬಂತು, ಯಾವ ಯಾವ ಅಡ್ಡರಸ್ತೆಗಳಿಗೆ ಬರುತ್ತಿಲ್ಲ, ಪಕ್ಕದ ರಸ್ತೆಗೆ ಬರುತ್ತಿದೆಯೇ, ಟ್ಯಾಂಕರ್ ಬಂದರೆ ಪಾಲಿಕೆಯದೋ ಖಾಸಗಿಯದೋ, ಖಾಸಗಿಯದಾದರೆ ಒಂದು ಲೋಡಿಗೆ ಎಷ್ಟು ಲೀಟರ್, ಎಷ್ಟು ರೂಪಾಯಿ. ವಾಲ್ವ್ ತಿರುಗಿಸುವವರನ್ನು ಹುಡುಕಿ ಮಾತಾಡಿಸಿ. ಹಳ್ಳಿಯಾದರೆ ನೀರುಗಂಟಿಯನ್ನು ಕೇಳಿ. ಎಂಜಿನಿಯರ್ ಬಳಿ ಹೋಗುವುದು ಇದೆಲ್ಲ ಕೈಯಲ್ಲಿದ್ದಾಗ. ಆಗ ಅವರೂ ‘ಪರಿಶೀಲಿಸುತ್ತೇವೆ’ ಎಂದು ಕಳಿಸಿಬಿಡಲಾಗದು.

ಸುದ್ದಿಯ ಮೊದಲ ವಾಕ್ಯ, ಅಂದರೆ ಇಂಟ್ರೊ, ಎಷ್ಟು ಉದ್ದವಿರಬೇಕು? ಆರು ಪ್ರಶ್ನೆಗಳಿಗೂ ಅದರಲ್ಲೇ ಉತ್ತರ ಬರಬೇಕೇ?

ಬರಬೇಕಾಗಿಲ್ಲ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರೂ ಸುದ್ದಿಯಲ್ಲಿ ಇರಬೇಕು, ಒಂದೇ ವಾಕ್ಯದಲ್ಲಿ ಅಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ವಾಕ್ಯ ಉದ್ದವಾದಷ್ಟೂ ಮುಖ್ಯ ಸಂಗತಿ ಹಿಂದಕ್ಕೆ ಸರಿಯುತ್ತದೆ. ಅಭ್ಯಾಸಕ್ಕಾಗಿ ಕಲ್ಪಿಸಿದ ಅಪಘಾತದ ಸುದ್ದಿಯೊಂದನ್ನು ನೋಡಿ:

‘ತಾಲ್ಲೂಕಿನ ಗ್ರಾಮವೊಂದರಿಂದ ಕಾರ್ಖಾನೆಗೆ ಕಬ್ಬು ತುಂಬಿಕೊಂಡು ಸೋಮವಾರ ರಾತ್ರಿ 9 ಗಂಟೆ ಸುಮಾರಿಗೆ ಹೊರಟಿದ್ದ ಟ್ರ್ಯಾಕ್ಟರ್‌ವೊಂದು ಚಾಲಕನ ನಿಯಂತ್ರಣ ತಪ್ಪಿ ರಸ್ತೆ ಬದಿಯ ನಾಲೆಗೆ ಉರುಳಿ ಬಿದ್ದ ಪರಿಣಾಮ ಅದರ ಮೇಲೆ ಕುಳಿತಿದ್ದ ಇಬ್ಬರು ಕಬ್ಬು ಕಡಿಯುವ ಕಾರ್ಮಿಕರು ಸ್ಥಳದಲ್ಲೇ ಮೃತಪಟ್ಟಿರುವ ಘಟನೆ ನಡೆದಿದೆ.’

ಮೂವತ್ತೆರಡು ಪದ. ಸಾವಿನ ಸುದ್ದಿ ತಿಳಿಯಲು ಮೂವತ್ತನೇ ಪದದವರೆಗೆ ಕಾಯಬೇಕು. ‘ಘಟನೆ ನಡೆದಿದೆ’ ಎಂಬುದರಿಂದ ಓದುಗರಿಗೆ ಸಿಕ್ಕಿದ್ದೇನೂ ಇಲ್ಲ. ಇನ್ನೂ ದೊಡ್ಡ ತೊಂದರೆ ‘ಚಾಲಕನ ನಿಯಂತ್ರಣ ತಪ್ಪಿ’ ಎಂಬ ಮಾತು. ನಾಲೆಗೆ ತಡೆಗೋಡೆ ಇತ್ತೇ, ಟ್ರೇಲರ್‌ನ ಕೊಂಡಿ ಕಳಚಿತೇ, ಎದುರಿನಿಂದ ವಾಹನ ಬಂತೇ ಎಂದು ಯಾರೂ ನೋಡುವ ಮೊದಲೇ ವರದಿಗಾರರು ಕಾರಣ ತೀರ್ಮಾನಿಸಿ ಚಾಲಕನ ತಲೆಗೆ ಕಟ್ಟಿದಂತಾಯಿತು.

ತಿದ್ದಿದಾಗ: ‘ಕಬ್ಬು ತುಂಬಿದ ಟ್ರ್ಯಾಕ್ಟರ್ ಸೋಮವಾರ ರಾತ್ರಿ ನಾಲೆಗೆ ಉರುಳಿ, ಅದರ ಮೇಲೆ ಕುಳಿತಿದ್ದ ಇಬ್ಬರು ಕಾರ್ಮಿಕರು ಮೃತಪಟ್ಟಿದ್ದಾರೆ.’ ಹದಿಮೂರು ಪದ. ಗಂಟೆ, ಊರು, ಎಲ್ಲಿಗೆ ಹೊರಟಿತ್ತು ಎಂಬುದೆಲ್ಲ ಎರಡನೇ ವಾಕ್ಯಕ್ಕೆ. ಸಾಮಾನ್ಯವಾಗಿ ಇಂಟ್ರೊ ಹದಿನೈದರಿಂದ ಇಪ್ಪತ್ತು ಪದದೊಳಗೆ ಮುಗಿದರೆ ಒಳ್ಳೆಯದು. ಗಟ್ಟಿಯಾಗಿ ಓದುವಾಗ ನಡುವೆ ಉಸಿರು ಎಳೆದುಕೊಳ್ಳಬೇಕಾಯಿತೆಂದರೆ ವಾಕ್ಯ ಒಡೆಯಿರಿ.

ತಲೆಕೆಳಗಾದ ಪಿರಮಿಡ್ ಹಳೆಯ ಪದ್ಧತಿಯಲ್ಲವೇ?

ಅತಿ ಮುಖ್ಯ ಸಂಗತಿ ಮೊದಲು, ಕಡಿಮೆ ಮುಖ್ಯವಾದವು ಕೊನೆಗೆ ಬರುವ ಈ ಜೋಡಣೆ ಹಳೆಯದು ನಿಜ, ಈಗಲೂ ಬೇಕು. ರಾತ್ರಿ ಕೊನೆಗಳಿಗೆಯಲ್ಲಿ ಜಾಹೀರಾತು ಬಂದರೆ ಡೆಸ್ಕ್‌ನವರು (ಪ್ರತಿ ತಿದ್ದಿ ಪುಟ ಕಟ್ಟುವವರು) ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಮೊಬೈಲ್‌ನಲ್ಲಿ ಓದುವವರು ಎರಡನೇ ಪ್ಯಾರಾಕ್ಕೆ ನಿಲ್ಲಿಸಬಹುದು. ನಿಮ್ಮ ಪ್ರತಿಯ ಕೊನೆಯ ಪ್ಯಾರಾವನ್ನು ಕೈಯಿಂದ ಮುಚ್ಚಿ ಓದಿ, ಆಮೇಲೆ ಅದರ ಮೇಲಿನದನ್ನೂ ಮುಚ್ಚಿ. ಪ್ರತಿ ಸಲವೂ ಸುದ್ದಿ ಅರ್ಥವಾಗುವಂತೆ ಉಳಿದರೆ ಜೋಡಣೆ ಸರಿ ಇದೆ. ದಸರಾ ಗಜಪಡೆಯ ಮಾವುತರ ಮಕ್ಕಳ ಬಗೆಗಿನ ನುಡಿಚಿತ್ರಕ್ಕೆ (ಫೀಚರ್) ಈ ರಚನೆ ಹೊಂದುವುದಿಲ್ಲ, ಅಲ್ಲಿ ಬಲವಂತ ಮಾಡಬೇಡಿ.

ಕನ್ನಡದಲ್ಲಿ ಬರೆಯುವಾಗ ಯಾವ ತಪ್ಪುಗಳು ಹೆಚ್ಚು?

ಮೊದಲನೆಯದು, ಮಾಡಿದವರನ್ನು ಮರೆಮಾಚುವ ವಾಕ್ಯ. ‘ಕಾಮಗಾರಿಗೆ ಅನುದಾನ ಬಿಡುಗಡೆ ಮಾಡಲಾಗಿದೆ’, ‘ಅಂಗಡಿಗಳನ್ನು ತೆರವುಗೊಳಿಸಲಾಯಿತು’. ಯಾರು ಮಾಡಿದರು? ಯಾರ ಆದೇಶ? ಪತ್ರಿಕಾ ಪ್ರಕಟಣೆಗಳು ಈ ಧಾಟಿಯಲ್ಲೇ ಬರುತ್ತವೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಪ್ರತಿಯಲ್ಲಿ ‘ಲಾಗಿದೆ’, ‘ಲಾಯಿತು’ ಕಂಡಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದು, ಕರ್ತೃವನ್ನು ತಂದು ಕೂರಿಸಿ. ಕರ್ತೃ ಯಾರೆಂದು ನಿಮಗೇ ಗೊತ್ತಿಲ್ಲದಿದ್ದರೆ ಫೋನ್ ಮಾಡಿ ಕೇಳಿ.

ಎರಡನೆಯದು, ‘ಎಂದು’ ಸರಪಳಿ. ನಾಲ್ಕು ವಾಕ್ಯಗಳ ಹೇಳಿಕೆ ಕೊಟ್ಟು ಕೊನೆಗೆ ‘ಎಂದು ತಿಳಿಸಿದರು’ ಎಂದರೆ, ಅಷ್ಟು ಹೊತ್ತೂ ಮಾತಾಡುತ್ತಿರುವುದು ಪತ್ರಿಕೆಯೋ ಭಾಷಣಕಾರರೋ ತಿಳಿಯುವುದಿಲ್ಲ. ಆರೋಪದ ಮಾತಾದರೆ ಇದು ಅಪಾಯ. ಮೊದಲ ವಾಕ್ಯದಲ್ಲೇ ಮಾತಾಡಿದವರ ಹೆಸರು ಬರಲಿ. ಹೇಳಿಕೆಗೆ ‘ಹೇಳಿದರು’, ‘ಎಂದರು’ ಸಾಕು. ‘ಸ್ಪಷ್ಟಪಡಿಸಿದರು’ ಎಂದರೆ ಅವರು ಹೇಳಿದ್ದು ನಿಜ ಎಂದು ನೀವೇ ಒಪ್ಪಿಕೊಂಡಂತೆ.

ಮೂರನೆಯದನ್ನು ನಾವು ಎಲ್ಲಕ್ಕಿಂತ ಗಂಭೀರವಾಗಿ ನೋಡುತ್ತೇವೆ: ಏಕವಚನ, ಬಹುವಚನ. ಶಾಸಕರು ‘ಬಂದರು’, ಪೌರಕಾರ್ಮಿಕ ‘ಬಂದ’. ವೈದ್ಯರು ‘ಹೇಳಿದರು’, ಸೊಪ್ಪು ಮಾರುವಾಕೆ ‘ಹೇಳಿದಳು’. ಒಂದೇ ಸುದ್ದಿಯಲ್ಲಿ ಹೀಗೆ ಎರಡು ಅಳತೆ ಇಟ್ಟರೆ ಸುದ್ದಿಯೊಳಗೇ ಮೇಲುಕೀಳು ಬಂದು ಕೂರುತ್ತದೆ. ವಯಸ್ಕರಾದ ಎಲ್ಲರಿಗೂ ಬಹುವಚನ ಬಳಸಿ. ಆರೋಪಿಗೆ ಏಕವಚನ ಬಳಸುವುದು ಕೆಲವು ಪತ್ರಿಕೆಗಳ ರೂಢಿ. ಆದರೆ ದೋಷಿಯೆಂದು ನ್ಯಾಯಾಲಯ ಹೇಳುವ ತನಕ ಆರೋಪಿಯೂ ನಮ್ಮ ನಿಮ್ಮಂಥ ನಾಗರಿಕರೇ.

ರೈತರ ಮಾತನ್ನು ಮಂಡ್ಯದ ಆಡುನುಡಿಯಲ್ಲೇ ಕೊಡಬಹುದೇ?

‘ನೀರ್ ಬಿಟ್ಟಿಲ್ಲ ಕಣ್ರೀ, ನಾಟಿ ಹೆಂಗ್ ಮಾಡದು’ ಎಂಬಂಥ ಮಾತಿಗೆ ಅದರದೇ ಸತ್ವವಿದೆ. ಆದರೆ ಆಡುನುಡಿಯಲ್ಲೇ ಉತ್ತರಿಸಿದ ಅಧಿಕಾರಿಯ ಮಾತನ್ನು ಗ್ರಾಂಥಿಕವಾಗಿಸಿ, ರೈತರದ್ದನ್ನು ಮಾತ್ರ ಹಾಗೇ ಬಿಟ್ಟರೆ ಅವರನ್ನು ಪ್ರದರ್ಶನಕ್ಕಿಟ್ಟಂತಾಗುತ್ತದೆ. ನುಡಿಚಿತ್ರದಲ್ಲಿ ಎಲ್ಲರ ಮಾತನ್ನೂ ಆಡಿದಂತೆ ಕೊಡಿ. ದಿನದ ಸುದ್ದಿಯಲ್ಲಿ ಎಲ್ಲರದನ್ನೂ ಶಿಷ್ಟ ರೂಪಕ್ಕೆ ತನ್ನಿ. ಕಸುಬಿನ ಪದಗಳನ್ನು ಮಾತ್ರ ಮುಟ್ಟಬೇಡಿ: ಒಟ್ಲು (ಸಸಿಮಡಿ), ಕೂಳೆ ಕಬ್ಬು (ಕಡಿದ ಬುಡದಿಂದ ಮತ್ತೆ ಚಿಗುರಿದ್ದು), ಆಲೆಮನೆ, ಕೊಪ್ಪರಿಗೆ.

ಟಿಪ್ಪಣಿ ಬರೆದುಕೊಳ್ಳುವುದೋ, ಫೋನಿನಲ್ಲಿ ರೆಕಾರ್ಡ್ ಮಾಡುವುದೋ?

ಎರಡೂ. ಸಭಾಂಗಣದ ಪ್ರತಿಧ್ವನಿಯಲ್ಲಿ ರೆಕಾರ್ಡಿಂಗ್ ಕೈಕೊಡುತ್ತದೆ, ಒಂದು ಗಂಟೆಯ ಭಾಷಣವನ್ನು ಮತ್ತೆ ಕೇಳುತ್ತಾ ಕೂತರೆ ಡೆಡ್‌ಲೈನ್ ದಾಟುತ್ತದೆ. ಪುಸ್ತಕದಲ್ಲಿ ಮುಖ್ಯ ಮಾತು ಬರೆಯುವಾಗ ಪಕ್ಕದಲ್ಲಿ ರೆಕಾರ್ಡಿಂಗ್‌ನ ನಿಮಿಷ ಗುರುತು ಹಾಕಿ, ಆಮೇಲೆ ಅಷ್ಟನ್ನೇ ಕೇಳಿದರಾಯಿತು. ಬಲಪುಟದಲ್ಲಿ ಅವರು ಆಡಿದ್ದು, ಎಡಪುಟದಲ್ಲಿ ನೀವು ಕಂಡದ್ದು. ಈ ವಿಂಗಡಣೆ ಇಲ್ಲದಿದ್ದರೆ ಎರಡು ದಿನದ ಮೇಲೆ ಯಾವುದು ಅವರ ಮಾತು, ಯಾವುದು ನಿಮ್ಮ ಊಹೆ ಎಂದು ಗೊತ್ತಾಗದು.

ಹೆಸರನ್ನು ಅವರಿಂದಲೇ ಬರೆಸಿಕೊಳ್ಳಿ. ‘ಶ’ವೋ ‘ಷ’ವೋ, ಇನಿಷಿಯಲ್ ಹಿಂದೋ ಮುಂದೋ ಎಂಬುದು ಕೇಳಿದರಷ್ಟೇ ಗೊತ್ತಾಗುತ್ತದೆ. ಊರಿನ ಹೆಸರಿನ ಜೊತೆ ಹೋಬಳಿ, ತಾಲ್ಲೂಕು ಬೇಕೇ ಬೇಕು. ಹೊಸಹಳ್ಳಿ, ಹೊಸೂರುಗಳು ಒಂದೆರಡಲ್ಲ.

ಕೆಆರ್‌ಎಸ್ ನೀರಿನ ಮಟ್ಟದ ಸುದ್ದಿ ಬರೆಯುವುದು ಹೇಗೆ? ಅಂಕಿಗಳೇ ಅರ್ಥವಾಗುವುದಿಲ್ಲ.

ಇಲ್ಲಿನ ವರದಿಗಾರರು ಮಳೆಗಾಲದಲ್ಲಿ ದಿನವೂ ಬರೆಯುವ ಸುದ್ದಿ ಇದು. ಕಲಿಯಲೇಬೇಕು. ಅಣೆಕಟ್ಟೆಯಿಂದ ಬೆಳಿಗ್ಗೆ ಸಿಗುವ ಪಟ್ಟಿಯಲ್ಲಿ ಗರಿಷ್ಠ ಮಟ್ಟ, ಇಂದಿನ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು ಇರುತ್ತವೆ. ಗರಿಷ್ಠ ಮಟ್ಟ 124.80 ಅಡಿ, ಅಷ್ಟು ತುಂಬಿದಾಗ ಸಂಗ್ರಹ 49.45 ಟಿಎಂಸಿ ಅಡಿ.

ಮಟ್ಟ ಅಡಿಯಲ್ಲಿ, ಸಂಗ್ರಹ ಟಿಎಂಸಿಯಲ್ಲಿ, ಹರಿವು ಕ್ಯುಸೆಕ್‌ನಲ್ಲಿ ಇರುತ್ತದೆ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಹರಿವಿನ ದರ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಪ್ರಮಾಣ. ಆದ್ದರಿಂದ ‘20,000 ಕ್ಯುಸೆಕ್ ನೀರು ಸಂಗ್ರಹವಾಗಿದೆ’ ಎಂಬ ವಾಕ್ಯಕ್ಕೆ ಅರ್ಥವೇ ಇಲ್ಲ. ದಿನಕ್ಕೆ 86,400 ಸೆಕೆಂಡ್. ಸುಮಾರು 11,574 ಕ್ಯುಸೆಕ್‌ನಂತೆ 24 ಗಂಟೆ ಒಂದೇ ಸಮನೆ ಹರಿದರೆ 1 ಟಿಎಂಸಿ. 20,000 ಕ್ಯುಸೆಕ್ ಇಡೀ ದಿನ ಹರಿದರೆ ಸುಮಾರು 1.73 ಟಿಎಂಸಿ. ಈ ಲೆಕ್ಕವನ್ನು ಟಿಪ್ಪಣಿ ಪುಸ್ತಕದ ಒಳರಟ್ಟಿಗೆ ಬರೆದಿಡಿ.

ತಪ್ಪಾಗುವ ಜಾಗಗಳು ಎರಡಿವೆ. ಮಟ್ಟ ಎರಡು ಅಡಿ ಏರಿದರೆ ಯಾವಾಗಲೂ ಒಂದೇ ಪ್ರಮಾಣದ ನೀರು ಬಂದಿದೆ ಎಂದುಕೊಳ್ಳುವುದು ಒಂದು. ಜಲಾಶಯ ಮೇಲೆ ಹೋದಂತೆ ಅಗಲವಾಗುವುದರಿಂದ 120 ಅಡಿಯ ಮೇಲಿನ ಒಂದು ಅಡಿಯಲ್ಲಿ 80 ಅಡಿಯ ಹತ್ತಿರದ ಒಂದು ಅಡಿಗಿಂತ ಹೆಚ್ಚು ನೀರಿರುತ್ತದೆ. ಇನ್ನೊಂದು, ಹೊರಹರಿವು ಪೂರ್ತಿ ತಮಿಳುನಾಡಿಗೆ ಹೋಯಿತೆಂದು ಬರೆಯುವುದು. ಹೊರಹರಿವಿನಲ್ಲಿ ವಿಶ್ವೇಶ್ವರಯ್ಯ ನಾಲೆಯೂ ಸೇರಿದಂತೆ ನಾಲೆಗಳ ಪಾಲು ಇರುತ್ತದೆ. ನದಿಗೆ ಎಷ್ಟು, ನಾಲೆಗೆ ಎಷ್ಟು ಎಂದು ಬಿಡಿಸಿ ಕೇಳಿ. ತಮಿಳುನಾಡಿಗೆ ಸೇರುವ ನೀರನ್ನು ಅಳೆಯುವುದು ಬಿಳಿಗುಂಡ್ಲುವಿನಲ್ಲಿ. ಸಾಮಾನ್ಯ ಮಳೆಯ ವರ್ಷದಲ್ಲಿ ಅಲ್ಲಿ 177.25 ಟಿಎಂಸಿ ಹರಿಯಬೇಕು ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಹೇಳಿದೆ. ಒಂದು ಅಂಕಿ ಅದಲುಬದಲಾದರೂ ಹೆದ್ದಾರಿಯಲ್ಲಿ ಜನ ಸೇರುವ ವಿಷಯವಿದು, ಬರೆದದ್ದನ್ನು ಪಟ್ಟಿಯ ಜೊತೆ ಎರಡು ಸಲ ಹೋಲಿಸಿ.

ಕಬ್ಬಿನ ದರದಲ್ಲೂ ಇಂಥದೇ ಗೊಂದಲ. ಕೇಂದ್ರ ಸರ್ಕಾರ ಎಫ್‌ಆರ್‌ಪಿ (ಕಾರ್ಖಾನೆಗಳು ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ) ಪ್ರಕಟಿಸುವುದು ಕ್ವಿಂಟಲ್‌ಗೆ, ರೈತರು ಮಾತಾಡುವುದು ಟನ್‌ಗೆ. 2025–26ರ ಹಂಗಾಮಿನ ಎಫ್‌ಆರ್‌ಪಿ ಕ್ವಿಂಟಲ್‌ಗೆ ₹355, ಅಂದರೆ ಟನ್‌ಗೆ ₹3,550. ಆದರೆ ಅದು ಶೇ 10.25ರ ಸಕ್ಕರೆ ಇಳುವರಿಗೆ. ಕಟಾವು, ಸಾಗಣೆ ಖರ್ಚು ಕಳೆದ ಮೇಲಿನ ದರವೋ, ಕಳೆಯುವ ಮೊದಲಿನದೋ ಎಂದು ಕೇಳದೆ ದರ ಬರೆದರೆ ಆ ಸುದ್ದಿ ರೈತರಿಗೆ ಉಪಯೋಗಕ್ಕೆ ಬಾರದು.

ಅಪಘಾತದಲ್ಲಿ ಸತ್ತವರ ಸಂಖ್ಯೆ ಒಬ್ಬೊಬ್ಬರು ಒಂದೊಂದು ಹೇಳಿದರೆ?

ಯಾರು, ಎಷ್ಟು ಹೊತ್ತಿಗೆ ಹೇಳಿದರು ಎಂಬುದನ್ನು ಸೇರಿಸಿ ಬರೆಯಿರಿ: ‘ಸಂಜೆ 5ರ ಹೊತ್ತಿಗೆ ಇಷ್ಟು ಶವ ಹೊರತೆಗೆದಿದ್ದೆವು ಎಂದು ಪೊಲೀಸರು ಹೇಳಿದ್ದಾರೆ’. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಉರುಳಿ 30 ಮಂದಿ ಮೃತಪಟ್ಟರು. ನೀರಿನಲ್ಲಿ ಮುಳುಗಿದ ವಾಹನದ ವಿಷಯದಲ್ಲಿ ಕೊನೆಯ ಸಂಖ್ಯೆ ಬರಲು ಹೊತ್ತು ಹಿಡಿಯುತ್ತದೆ. ದಂಡೆಯ ಮೇಲಿದ್ದವರ ಅಂದಾಜನ್ನು ಖಚಿತ ಸಂಖ್ಯೆಯಂತೆ ಬರೆಯಬೇಡಿ. ಮನೆಯವರಿಗೆ ತಿಳಿಯುವ ಮೊದಲು ಮೃತರ ಹೆಸರನ್ನು ಗುಂಪುಗಳಿಗೆ ಕಳಿಸಬೇಡಿ.

ಪೊಲೀಸ್ ಠಾಣೆಯ ಸುದ್ದಿಗೆ ಯಾವುದನ್ನು ಆಧಾರವಾಗಿ ಇಟ್ಟುಕೊಳ್ಳಬೇಕು?

ಎಫ್‌ಐಆರ್ ಪ್ರತಿಯನ್ನು. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ರಾಜ್ಯ ಪೊಲೀಸ್ ಜಾಲತಾಣದಲ್ಲಿ ಹುಡುಕಬಹುದು. ಎಫ್‌ಐಆರ್ ಎಂಬುದು ದೂರುದಾರರ ಮಾತು, ಸಾಬೀತಾದ ಸಂಗತಿಯಲ್ಲ. ‘ಕಳವು ಮಾಡಿದ್ದಾರೆ’ ಎನ್ನದೆ ‘ಕಳವು ಮಾಡಿದ್ದಾರೆ ಎಂದು ದೂರಿನಲ್ಲಿದೆ’ ಎಂದು ಬರೆಯಬೇಕು. 2024ರ ಜುಲೈ 1ರಿಂದ ನಡೆದ ಅಪರಾಧಗಳಿಗೆ ಭಾರತೀಯ ನ್ಯಾಯ ಸಂಹಿತೆ ಅನ್ವಯ, ಅದಕ್ಕಿಂತ ಹಿಂದಿನವಕ್ಕೆ ಭಾರತೀಯ ದಂಡ ಸಂಹಿತೆ. ಸೆಕ್ಷನ್ ಸಂಖ್ಯೆ ಬೆರೆಸಬೇಡಿ. ಮೈಸೂರು ನಗರಕ್ಕೆ ಪೊಲೀಸ್ ಕಮಿಷನರ್, ಜಿಲ್ಲೆಯ ಉಳಿದ ಭಾಗಕ್ಕೆ ವರಿಷ್ಠಾಧಿಕಾರಿ. ಠಾಣೆ ಯಾರ ವ್ಯಾಪ್ತಿಯದು ಎಂದು ನೋಡಿಕೊಂಡೇ ಫೋನ್ ಮಾಡಿ.

ಯಾರ ಹೆಸರು ಬರೆಯಬಾರದು?

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಪ್ರಕಟಿಸುವುದು ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್, 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇವೆ. ಆರೋಪ ಹೊತ್ತ ಮಗುವಿನ ಗುರುತನ್ನೂ ಕೊಡುವಂತಿಲ್ಲ.

ಹೆಸರು ಬಿಟ್ಟರಷ್ಟೇ ಸಾಲದು. ಸಣ್ಣ ಊರಿನಲ್ಲಿ ‘ಅಂಗಡಿ ಇಟ್ಟುಕೊಂಡಿರುವ ವಿಧವೆಯ ಹತ್ತನೇ ತರಗತಿಯ ಮಗಳು’ ಎಂದರೆ ಹೆಸರು ಹೇಳಿದಂತೆಯೇ. ಆರೋಪಿ ತಂದೆಯೋ ಚಿಕ್ಕಪ್ಪನೋ ಆಗಿದ್ದರೆ ಅವರ ಹೆಸರು ಬರೆದರೂ ಮಗುವಿನ ಗುರುತು ಸಿಕ್ಕಿಬಿಡುತ್ತದೆ. ಶಾಲೆ, ಹಳ್ಳಿ, ಮನೆಯ ಚಿತ್ರ, ಎಲ್ಲವನ್ನೂ ತೆಗೆಯಿರಿ. ಸುದ್ದಿ ಎರಡು ಸಾಲಿಗೆ ಇಳಿದರೂ ಚಿಂತೆಯಿಲ್ಲ.

ಆತ್ಮಹತ್ಯೆಯ ಸುದ್ದಿಯಲ್ಲಿ ವಿಧಾನ ವಿವರಿಸಬೇಡಿ, ಪತ್ರದ ಚಿತ್ರ ಹಾಕಬೇಡಿ, ಟೆಲಿ ಮಾನಸ್ ಸಹಾಯವಾಣಿ 14416 ಸೇರಿಸಿ. ‘ಸಾಲಬಾಧೆ ತಾಳದೆ ರೈತ ಆತ್ಮಹತ್ಯೆ’ ಎಂಬ ಸಿದ್ಧ ಶೀರ್ಷಿಕೆ ಮೊದಲ ದಿನವೇ ಬೇಡ. ಕಾರಣ ಒಂದೇ ಇರುವುದು ಅಪರೂಪ, ತನಿಖೆಯೂ ಮುಗಿದಿರುವುದಿಲ್ಲ. ಸಾಲದ ವಿವರ ಸಿಕ್ಕಿದರೆ ಯಾವ ಸಂಘ ಅಥವಾ ಬ್ಯಾಂಕಿನದು, ಎಷ್ಟು, ಬೆಳೆ ಏನಾಗಿತ್ತು ಎಂದು ದಾಖಲೆ ನೋಡಿ ಬರೆಯಿರಿ.

ಪತ್ರಿಕಾಗೋಷ್ಠಿಯಲ್ಲಿ ಏನು ಕೇಳಬೇಕೆಂದೇ ತೋಚುವುದಿಲ್ಲ.

ಹೋಗುವ ಮೊದಲು ಅದೇ ವ್ಯಕ್ತಿ ಅಥವಾ ಸಂಘಟನೆ ಹಿಂದೆ ಹೇಳಿದ್ದನ್ನು ಓದಿಕೊಂಡು ಮೂರು ಪ್ರಶ್ನೆ ಬರೆದುಕೊಳ್ಳಿ. ‘ಎಷ್ಟು ಹಣ, ಯಾವ ಲೆಕ್ಕಶೀರ್ಷಿಕೆಯಿಂದ, ಯಾವ ತಾರೀಖಿನೊಳಗೆ’ ಎಂಬುದು ಯಾವ ಘೋಷಣೆಗೂ ಒಪ್ಪುವ ಪ್ರಶ್ನೆ. ಲೆಕ್ಕಶೀರ್ಷಿಕೆ ಎಂದರೆ ಬಜೆಟ್‌ನಲ್ಲಿ ಆ ಹಣ ಇಟ್ಟಿರುವ ಬಾಬ್ತು. ಕೈಗೆ ಕೊಟ್ಟ ಪ್ರಕಟಣೆಯನ್ನು ಹಾಗೇ ಟೈಪ್ ಮಾಡಿ ನಿಮ್ಮ ಹೆಸರಿನ ಬೈಲೈನ್ ಹಾಕಿಕೊಳ್ಳಬೇಡಿ. ಭಾಷಣದ ವರದಿಯನ್ನು ‘ಅಧ್ಯಕ್ಷತೆ ವಹಿಸಿ ಮಾತನಾಡಿದ’ ಎಂದು ಶುರು ಮಾಡುವುದನ್ನೂ ಬಿಡಿ. ಅವರು ಏನೆಂದರು ಎಂಬುದರಿಂದ ಶುರು ಮಾಡಿ, ವೇದಿಕೆಯಲ್ಲಿದ್ದವರ ಪಟ್ಟಿ ಕೊನೆಗೆ.

ವಿದ್ಯಾರ್ಥಿಗಳು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದೇ?

ಯಾವ ನಾಗರಿಕರೂ ಹಾಕಬಹುದು. ಕರ್ನಾಟಕದ ನಿಯಮದಂತೆ ಶುಲ್ಕ ₹10, ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೊದಲ ಮೇಲ್ಮನವಿ. ಅರ್ಜಿ ಸೋಲುವುದು ಪ್ರಶ್ನೆಯ ರೀತಿಯಿಂದ. ‘ರಸ್ತೆ ಏಕೆ ಕಳಪೆಯಾಗಿದೆ’ ಎಂದು ಕೇಳಿದರೆ ‘ಕಡತದಲ್ಲಿ ಲಭ್ಯವಿಲ್ಲ’ ಎಂದು ಬರುತ್ತದೆ. ಇರುವ ದಾಖಲೆಯನ್ನೇ ಕೇಳಿ: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿಯಾದ ಬಿಲ್. ಕಾಮಗಾರಿಯ ಹೆಸರು, ವರ್ಷ, ವಾರ್ಡ್ ಸ್ಪಷ್ಟವಾಗಿರಲಿ. ಸೆಮಿಸ್ಟರ್ ಶುರುವಾದ ವಾರವೇ ಹಾಕಿದರೆ ಪ್ರಾಜೆಕ್ಟ್ ಸಲ್ಲಿಸುವ ಹೊತ್ತಿಗೆ ಉತ್ತರ ಕೈಯಲ್ಲಿರುತ್ತದೆ.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಬೇಕೋ, ಯೂನಿಕೋಡ್‌ನಲ್ಲೋ?

ಕೀಲಿಮಣೆ ವಿನ್ಯಾಸ ನುಡಿಯದ್ದು ಕಲಿಯಿರಿ, ಅಕ್ಷರ ಯೂನಿಕೋಡ್ ಇರಲಿ, ಅದು ಎಲ್ಲ ಕಂಪ್ಯೂಟರ್, ಫೋನುಗಳಲ್ಲೂ ಓದಲು ಬರುತ್ತದೆ. ಹಳೆಯ ಫಾಂಟ್ ಬಳಸುವ ಕಚೇರಿಗೆ ಪರಿವರ್ತಿಸಿ ಕಳಿಸಬೇಕಾಗುತ್ತದೆ. ಆಗ ಕೆಡುವುದು ಅರ್ಕಾವೊತ್ತು, ಒತ್ತಕ್ಷರ, ಉದ್ಧರಣ ಚಿಹ್ನೆಗಳು, ಮತ್ತು ‘ಬಸ್‌ನಲ್ಲಿ’ ಎಂಬುದು ‘ಬಸ್ನಲ್ಲಿ’ ಆಗುವುದು. ಪಠ್ಯದ ಜೊತೆ ಒಂದು ಪಿಡಿಎಫ್ ಪ್ರತಿಯನ್ನೂ ಕಳಿಸಿ, ಡೆಸ್ಕ್‌ನವರು ಹೋಲಿಸಿಕೊಳ್ಳುತ್ತಾರೆ.

ಎಐ ಅಥವಾ ಯಂತ್ರಾನುವಾದ ಬಳಸಬಹುದೇ?

ಇಂಗ್ಲಿಷ್ ಆದೇಶವೊಂದರ ಸಾರ ತಿಳಿಯಲು ನೆರವಾದೀತು. ಆದರೆ ಅದು ಹೆಸರು, ಅಂಕಿ, ದಿನಾಂಕಗಳನ್ನು ತಾನೇ ಹುಟ್ಟಿಸಿಬಿಡುವುದುಂಟು. ಹೇಳಿಕೆಗಳನ್ನು ಅದರಿಂದ ಬರೆಸುವುದು ಸುಳ್ಳು ಸಾಕ್ಷಿ ಸೃಷ್ಟಿಸಿದ ಹಾಗೆ. ಕಲಿಯುವ ಹಂತದಲ್ಲಿ ಇಂಟ್ರೊವನ್ನು ನಿಮ್ಮ ಕೈಯಿಂದಲೇ ಮೂರು ಥರ ಬರೆದು ನೋಡಿ.

ಸ್ಥಳೀಯ ಪತ್ರಿಕೆಯಲ್ಲಿ ಇಂಟರ್ನ್‌ಶಿಪ್ ಸಿಗಲು ಏನು ಬೇಕು?

ಮೈಸೂರಿಗೆ ಸ್ಥಳೀಯ ದಿನಪತ್ರಿಕೆಗಳ ಭಾಗ್ಯವಿದೆ. ಮೈಸೂರು ಮಿತ್ರ, ಆಂದೋಲನ, ಇಂಗ್ಲಿಷಿನ ಸಂಜೆ ಪತ್ರಿಕೆ ಸ್ಟಾರ್ ಆಫ್ ಮೈಸೂರು, 1970ರಲ್ಲಿ ಶುರುವಾದ ಸಂಸ್ಕೃತ ದಿನಪತ್ರಿಕೆ ಸುಧರ್ಮಾ ಎಲ್ಲ ಇಲ್ಲಿಯವೇ. ಅರ್ಜಿಯ ಜೊತೆ ಪ್ರಬಂಧ ಕಳಿಸಬೇಡಿ. ನೀವೇ ಓಡಾಡಿ ಬರೆದ ಮೂರು ಸುದ್ದಿ ಕಳಿಸಿ: ಒಂದು ಸಭೆಯದು, ಒಂದು ನಾಗರಿಕ ಸಮಸ್ಯೆಯದು, ಒಂದು ಅಂಕಿಅಂಶದ್ದು. ತಲಾ 150ರಿಂದ 200 ಪದ ಸಾಕು. ಪ್ರತಿ ಸುದ್ದಿಯ ಕೆಳಗೆ ಯಾರನ್ನು ಯಾವಾಗ ಮಾತಾಡಿಸಿದಿರಿ ಎಂದು ಒಂದು ಸಾಲು ಸೇರಿಸಿ. ಆ ಪತ್ರಿಕೆಯನ್ನು ಒಂದು ತಿಂಗಳಾದರೂ ಓದಿ, ಅವರು ‘ಶೇ’ ಬರೆಯುತ್ತಾರೋ ‘ಪ್ರತಿಶತ’ ಬರೆಯುತ್ತಾರೋ ಎಂಬುದನ್ನೂ ಗಮನಿಸಿ ಹೋಗಿ.

ಪ್ರಕಟವಾದ ಮೇಲೆ ತಪ್ಪು ಗೊತ್ತಾದರೆ?

ಯಾರಾದರೂ ಕಂಡುಹಿಡಿಯಲಿ ಎಂದು ಕಾಯದೆ ಅದೇ ಗಳಿಗೆ ಡೆಸ್ಕ್‌ಗೆ ಹೇಳಿ. ಯಾವ ಪುಟ, ಯಾವ ಸಾಲು, ತಪ್ಪೇನು, ಸರಿಯಾದದ್ದೇನು, ಅದಕ್ಕೆ ಆಧಾರವೇನು ಎಂಬ ಐದನ್ನೂ ಬರೆದು ಕೊಡಿ. ಕಾಲೇಜಿನ ಪ್ರಾಯೋಗಿಕ ಪತ್ರಿಕೆಗೂ ಇದೇ ಕ್ರಮ: ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿ, ಬಾಧಿತರಿಗೆ ಸಂಚಿಕೆಯನ್ನು ನೀವೇ ತಲುಪಿಸಿ. ಜಾಲತಾಣದಲ್ಲಾದರೆ ಸದ್ದಿಲ್ಲದೆ ಪದ ಬದಲಿಸಬೇಡಿ. ಏನು ತಿದ್ದಿದಿರಿ, ಯಾವ ದಿನ, ಎಷ್ಟು ಗಂಟೆಗೆ ಎಂದು ಸುದ್ದಿಯ ಕೆಳಗೆ ನಮೂದಿಸಿ, ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಳೆಯ ಪ್ರತಿ ಹೋಗಿದ್ದರೆ ತಿದ್ದಿದ್ದನ್ನೂ ಅದೇ ಗುಂಪುಗಳಿಗೆ ಕಳಿಸಿ.